ಭಯ ಹೋದ ತಾರೀಖು

ಬಾರದೇ ಇದ್ದದ್ದು ಹೋಯಿತು ಅಂತ ಬರೆಯುವುದು ಹೇಗೆ? ಹೋಯಿತು ಅಂದರೆ ಸುಳ್ಳು. ಬಂದೇ ಇರಲಿಲ್ಲ ಅಂದರೆ ಹೋದ ವರ್ಷ ಬರೆದುಕೊಟ್ಟದ್ದು ಸುಳ್ಳು. ಏನೂ ಬರೆಯದೆ ಬಿಟ್ಟರೆ ಅರ್ಜಿಯೇ ಇಲ್ಲ. ಚಿಕ್ಕವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ಏಳನೇದು ಖಾಲಿ ಬಿಟ್ಟಿದೀರಲ್ಲ," ಅಂದ ಗಾಜಿನಾಚೆಯ ಗುಮಾಸ್ತ.

"ಅದೇ ನೋಡ್ತಿದೀನಿ."

"ನೋಡೋದಲ್ಲ ಸ್ವಾಮಿ, ಬರೀರಿ. 'ಎದುರುದಾರರ ಭಯ ಈಗಲೂ ಇದೆಯೇ? ಇಲ್ಲವಾದರೆ ಯಾವ ತಾರೀಖಿನಿಂದ ಇಲ್ಲ?' ಇಷ್ಟೇ. ಒಂದು 'ಇಲ್ಲ', ಒಂದು ತಾರೀಖು."

"ಭಯ ಹೋದ ತಾರೀಖು ಯಾರು ಬರೆದಿಟ್ಕೊಂಡಿರ್ತಾರೆ?"

"ಯಾರೂ ಇಟ್ಕೊಂಡಿರಲ್ಲ. ಯಾವುದಾದ್ರೂ ಹಾಕ್ತಾರೆ. ಸಾಮಾನ್ಯವಾಗಿ ಜನ ಒಂದನೇ ತಾರೀಖು ಹಾಕ್ತಾರೆ."

ಇಷ್ಟು ಮಾತಾಡುವುದಕ್ಕೆ ಚಿಕ್ಕವನು ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ, ಗಾಜಿನ ತೂತಿಗೆ ಬಾಯಿ ಕೊಡಬೇಕಾಗಿತ್ತು. ತೂತು ಅವನ ಹೊಟ್ಟೆಯ ಮಟ್ಟಕ್ಕಿತ್ತು. ಅವನ ಹಿಂದೆ ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಹಾಗೇ ಬಗ್ಗಬೇಕು, ಬಗ್ಗಿ ಬಯ್ಯಬೇಕು.

"ಯಾವ ಪುಣ್ಯಾತ್ಮ ಕೊರೆದನೋ ಇದನ್ನ!" ಅಂದ ಗುಮಾಸ್ತ ತಾನೂ ಬೇಸತ್ತವನಂತೆ. "ಸಿಕ್ಕಿದ್ರೆ ಕೇಳ್ಬೇಕು."

ಚಿಕ್ಕವನು ಅರ್ಜಿಯ ಕಡೆ ಕಣ್ಣು ಹಾಯಿಸಿದ. ಆ ಪುಣ್ಯಾತ್ಮ ಅವನೇ. ಅವನು ಮತ್ತು ಅವನ ಅಣ್ಣ. ಈ ಕೋರ್ಟಿನ ಕಟ್ಟಡಕ್ಕೆ ಸುಣ್ಣಬಣ್ಣ ಆದ ಕಾಲದಲ್ಲಿ ಗಾಜು ಕೂರಿಸಲು ಬಂದಾಗ ಅಣ್ಣ ಗುಮಾಸ್ತನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಬಾಯಿ ಇಲ್ಲಿಗೆ ಬರುತ್ತೆ ನೋಡೋ, ಇಲ್ಲೇ ಕೊರಿ," ಅಂದಿದ್ದ. ಇವನು ಗುರುತು ಹಾಕಿ ಕೊರೆದಿದ್ದ. ಈಚೆ ಕಡೆ ಮನುಷ್ಯ ನಿಂತಿರುತ್ತಾನೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ದಿನವಿಡೀ ಗಾಜಿನ ಮೂಲಕವೇ ನೋಡುವವರಿಗೆ ಅದಕ್ಕೊಂದು ಆಚೆ ಬದಿ ಇರುತ್ತದೆ ಅನ್ನುವುದು ಒಮ್ಮೊಮ್ಮೆ ಮರೆತೇಹೋಗುತ್ತದೆ.

ಚಿಕ್ಕವನು ಅಂದರೆ ಚಿಕ್ಕವನೇನಲ್ಲ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ತಮ್ಮನಾಗಿ ಹುಟ್ಟಿದ ತಪ್ಪಿಗೆ ಅಮ್ಮನ ಬಾಯಲ್ಲೂ ಬೀದಿಯ ಬಾಯಲ್ಲೂ ಇವತ್ತಿಗೂ ಚಿಕ್ಕವನೇ. ಕೆಳಗೆ ಗಾಜಿನಂಗಡಿ, ಮೇಲಿನ ಎರಡನೇ ಮಹಡಿಯಲ್ಲಿ ಮನೆ, ಮನೆಯಲ್ಲಿ ಅಮ್ಮ ಮತ್ತು ಇವನು. ಅಣ್ಣ ಸಂಸಾರದ ಜೊತೆ ಬೇರೆ ಬೀದಿಯಲ್ಲಿದ್ದರೂ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವನು ಅವನೇ. ಬಾಗಿಲು ತೆಗೆಯುವ ಮೊದಲೇ ಬಾಯಿ ತೆಗೆದಿರುತ್ತಿದ್ದ. ಅವನ ದನಿ ಬೀದಿಯ ಆ ತುದಿಯಿಂದ ಕೇಳುತ್ತಿತ್ತು. ಗಿರಾಕಿಯನ್ನು ಬಯ್ದರೂ ಅದೇ ದನಿ, ಕಾಫಿ ಕುಡೀತೀಯಾ ಅಂದರೂ ಅದೇ ದನಿ.

ಹೋದ ವರ್ಷ ಚಿಕ್ಕವನು ಗಾಜು ಕತ್ತರಿಸುವ ಯಂತ್ರ ತರಿಸಿದ. ಅಣ್ಣನನ್ನು ಕೇಳಲಿಲ್ಲ, ಕೇಳಿದರೆ ಬೇಡ ಅನ್ನುತ್ತಾನೆಂದು ಗೊತ್ತಿತ್ತು. ಯಂತ್ರ ಇಳಿದ ದಿನ ಅಣ್ಣ ಅಂಗಡಿಯ ಮಧ್ಯೆ ನಿಂತು, "ಈ ಕೈ ಸತ್ತಿದೆಯೇನೋ?" ಅಂತ ಕೂಗಿ, ಮೂಲೆಯಲ್ಲಿದ್ದ ಆಳೆತ್ತರದ ಕನ್ನಡಿಗೆ ಸುತ್ತಿಗೆ ಬೀಸಿದ. ಕನ್ನಡಿ ಪುಡಿಪುಡಿಯಾಯಿತು. ಬೀದಿಗೆ ಬೀದಿಯೇ ಬಂದು ನಿಂತು ನೋಡಿತು. ಅಣ್ಣ ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ ಬಂದ. ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳಿಗೆಲ್ಲ, "ನಮ್ಮ ಚಿಕ್ಕೋನು ಈಗ ದೊಡ್ಡೋನಾಗಿದಾನೆ, ಯಂತ್ರ ಹೇಳಿದಂಗೆ ಕೇಳ್ತಾನೆ," ಅಂತ ಹೇಳುತ್ತ ಕೂತ.

ಚಿಕ್ಕವನಿಗೆ ತಲೆ ಚಿಟ್ಟು ಹಿಡಿದಿತ್ತು, ಅಷ್ಟೆ. ಒಂದು ನಾಲ್ಕು ತಿಂಗಳು ಆ ದನಿ ಕಿವಿಗೆ ಬೀಳದಿದ್ದರೆ ಸಾಕಿತ್ತು. ಹಾಗಂತಲೇ ವಕೀಲರ ಹತ್ತಿರ ಹೇಳಿದ. ವಕೀಲರು ಕನ್ನಡಕ ಒರೆಸಿಕೊಳ್ಳುತ್ತ, "ನಿಮಗೆ ಬೇಜಾರಾಗಿದೆ, ಸರಿ. ಬೇಜಾರಿಗೆ ಕೋರ್ಟು ಏನೂ ಕೊಡಲ್ಲ. ಭಯಕ್ಕಾದ್ರೆ ಕೊಡುತ್ತೆ," ಅಂದರು. ಅವರೇ ಬರೆದರು: ಎದುರುದಾರರು ಸುತ್ತಿಗೆ ಬೀಸಿದರು, ಅರ್ಜಿದಾರರಿಗೆ ಪ್ರಾಣಭಯವಿದೆ. ಎರಡೂ ಸಾಲು ಒಂದರ ಪಕ್ಕ ಒಂದು ಕೂತಾಗ ಕನ್ನಡಿ ಎಲ್ಲೋ ಮಾಯವಾಗಿತ್ತು. ಚಿಕ್ಕವನು ಓದಿದ. ಸಹಿ ಹಾಕಿದ. ಎರಡು ವರ್ಷದ ತಡೆಯಾಜ್ಞೆ ಬಂತು. ಅಂಗಡಿಗಾಗಲಿ, ಮೇಲಿನ ಮನೆಗಾಗಲಿ, ತಮ್ಮನಿಗಾಗಲಿ ಅಣ್ಣ ನೂರು ಮೀಟರಿಗಿಂತ ಹತ್ತಿರ ಬರಕೂಡದು.

ಅಮ್ಮನ ಮನೆಯೂ ಅದೇ ನೂರು ಮೀಟರಿನೊಳಗೆ ಬಿತ್ತು. ಅದು ಸಹಿ ಹಾಕುವಾಗ ಚಿಕ್ಕವನಿಗೆ ಹೊಳೆದಿರಲಿಲ್ಲ. ಅಣ್ಣ ವಾರಕ್ಕೊಮ್ಮೆ ಬೀದಿಯ ತುದಿಯ ಅಂಚೆ ಡಬ್ಬಿಯ ಆಚೆ ಬಂದು ನಿಂತು ಕೊಡೆ ಎತ್ತಿ ಆಡಿಸುತ್ತಿದ್ದ. ಅಮ್ಮ ಬಾಲ್ಕನಿಯಿಂದ ಟವಲು ಆಡಿಸುತ್ತಿದ್ದಳು. ಆಮೇಲೆ ಒಳಗೆ ಬಂದು ಚಿಕ್ಕವನಿಗೆ ಕೇಳುವಂತೆ ಪಾತ್ರೆ ಕುಕ್ಕುತ್ತಿದ್ದಳು.

ಈಗ ಅಮ್ಮನ ಮಂಡಿ ಪೂರ್ತಿ ಕೈಕೊಟ್ಟಿತ್ತು. ಸೋಮವಾರ ಆಪರೇಷನ್. ಮೆಟ್ಟಿಲು ಕಿರಿದು, ಆಸ್ಪತ್ರೆಯವರು ಬಂದು ನೋಡಿ ಸ್ಟ್ರೆಚರ್ ಮೂಲೆಯಲ್ಲಿ ತಿರುಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತನ್ನಿ ಅಂದಿದ್ದರು.

"ಕೂಲಿಯವರನ್ನ ಕರೆಸ್ತೀನಮ್ಮ," ಅಂದಿದ್ದ ಚಿಕ್ಕವನು.

"ನಾನೇನು ಬೀರುವಾ?" ಅಂದಳು ಅಮ್ಮ. "ನೃತ್ಯಶಾಲೆಯ ಕನ್ನಡಿ ಮೂರನೇ ಮಹಡಿಯಿಂದ ಇಳಿಸಿದ್ರಲ್ಲ ನೀವಿಬ್ಬರು, ಒಂದು ಗೀರು ಬಿತ್ತಾ? ನಾನು ಅದಕ್ಕಿಂತ ಭಾರನಾ? ನನ್ನನ್ನ ಇಳಿಸೋದಾದ್ರೆ ನೀವಿಬ್ಬರೇ ಇಳಿಸ್ಬೇಕು. ಇಲ್ಲಾಂದ್ರೆ ಇಲ್ಲೇ ಕೊಳೀತೀನಿ, ಆಪರೇಷನ್ನೂ ಬೇಡ ಏನೂ ಬೇಡ."

ಅಮ್ಮ ಹಟಕ್ಕೆ ಬಿದ್ದರೆ ಬಿದ್ದಳೇ. ಡಾಕ್ಟರು ಮಾತ್ರ, ಈ ತಾರೀಖು ತಪ್ಪಿದರೆ ಮುಂದಿನದು ಯಾವಾಗಲೋ, ಆ ಹೊತ್ತಿಗೆ ಇನ್ನೊಂದು ಮಂಡಿಯೂ ಹೋಗಿರುತ್ತದೆ ಅಂದಿದ್ದರು. ಹೀಗೆ ಚಿಕ್ಕವನು ತಡೆಯಾಜ್ಞೆ ರದ್ದು ಮಾಡಿಸುವ ಅರ್ಜಿ ಹಿಡಿದು ಬುಧವಾರ ಬೆಳಿಗ್ಗೆ ತಾನೇ ಕೊರೆದ ತೂತಿಗೆ ಬಗ್ಗಿ ನಿಂತಿದ್ದ.

ಏಳನೇ ಪ್ರಶ್ನೆಗೆ 'ಇಲ್ಲ' ಅಂತ ಬರೆದ. ಕೈ ನಿಂತಿತು. ಪಕ್ಕಕ್ಕೆ ಸರಿದು ವಕೀಲರಿಗೆ ಫೋನ್ ಮಾಡಿದ.

"ಸಾರ್, ಇದ್ದದ್ದು ಇದ್ದಂಗೆ ಬರೆದುಬಿಟ್ರೆ? ಭಯ ಯಾವತ್ತೂ ಇರಲೇ ಇಲ್ಲ ಅಂತ?"

"ಬರೀರಿ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೇ ಒಂದು ಕೇಸಾಗುತ್ತೆ. ಸೋಮವಾರ ತಾಯೀನ ಮೆಟ್ಟಿಲಿಳಿಸೋದು ಹಾಗಿರಲಿ, ನೀವೇ ಈ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಮಾಡ್ತಿರ್ತೀರಿ. ಸುಮ್ನೆ ಒಂದು ತಾರೀಖು ಹಾಕಿ ಮಾರಾಯ್ರೇ."

ಚಿಕ್ಕವನು ಕಳೆದ ಬೇಸಿಗೆಯ ಮೊದಲ ತಿಂಗಳ ಒಂದನೇ ತಾರೀಖು ಹಾಕಿ ಒಳಗೆ ತಳ್ಳಿದ.

ಗುಮಾಸ್ತ ಹಳೆಯ ಕಡತ ತೆಗೆದು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದ. "ಆಗಲ್ಲ."

"ಏನಾಗಲ್ಲ?"

"ಬೇಸಿಗೆ ಮುಗಿದ ಮೇಲೆ 'ಭಯ ಮುಂದುವರಿದಿದೆ' ಅಂತ ಬರೆದುಕೊಟ್ಟಿದೀರಲ್ಲ, ಇಲ್ಲಿ ನೋಡಿ, ನಿಮ್ಮದೇ ಸಹಿ. ಮೊದಲೇ ಹೋದದ್ದು ಆಮೇಲೆ ಹೇಗೆ ಮುಂದುವರಿಯುತ್ತೆ?"

ವಕೀಲರು ಕಳಿಸಿದ್ದ ಯಾವುದೋ ಕಾಗದ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾಗ ಓದದೆ ಗೀಚಿ ಕಳಿಸಿದ್ದ. ಈಗ ಅದು ಗಾಜಿನ ಆಚೆಯಿಂದ ಅವನ ಮುಖ ನೋಡುತ್ತಿತ್ತು.

"ಸರಿ, ಹೋದ ತಿಂಗಳ ಒಂದನೇ ತಾರೀಖು."

"ತಿದ್ದಿದ್ರೆ ನಡೆಯಲ್ಲ. ಹೊಸ ಅರ್ಜಿ."

ಹೊಸ ಅರ್ಜಿ ಮೂರನೇ ಕೋಣೆಯಲ್ಲಿ. ಮೂರನೇ ಕೋಣೆಯವಳು ಆಜ್ಞೆಯ ದೃಢೀಕರಿಸಿದ ನಕಲು ಇದ್ದರೆ ಮಾತ್ರ ಅರ್ಜಿ ಕೊಡುತ್ತಾಳೆ. ನಕಲು ಇದೆ, ಆದರೆ ಗುಮಾಸ್ತ ಅದನ್ನು ಹಳೆಯ ಅರ್ಜಿಗೆ ಪಿನ್ನು ಹೊಡೆದು ಇಟ್ಟುಕೊಂಡಿದ್ದಾನೆ. ಪಿನ್ನು ತೆಗೆಯುವ ಅಧಿಕಾರ ಅವನಿಗಿಲ್ಲ. ಮೇಲಿನವರು ಊಟಕ್ಕೆ ಹೋಗಿದ್ದಾರೆ. ಚಿಕ್ಕವನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಎಲ್ಲ ಕಡೆಯೂ ಜನ ಅವನಂತೆಯೇ ಕಾಗದ ಎದೆಗವಚಿಕೊಂಡು ಕೂತಿದ್ದರು. ಒಬ್ಬಾಕೆಯಂತೂ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು, ಅವಳ ಕಡತವೂ ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು.

ಕೊನೆಗೆ ಹೊಸ ಅರ್ಜಿ ತೂತಿನೊಳಗೆ ಹೋಯಿತು. ಗುಮಾಸ್ತ ಮೊದಲ ಬಾರಿಗೆ ತಲೆಯಾಡಿಸಿದ. "ಸರಿ ಇದೆ. ಇನ್ನು ಎದುರುದಾರರ ಒಪ್ಪಿಗೆ. ಅವರು ಇವತ್ತೇ, ಇಲ್ಲೇ ಬಂದು ಸಹಿ ಹಾಕ್ಬೇಕು. ಅದರ ಕೆಳಗೆ ನಿಮ್ಮ ಸಹಿ."

"ಇಬ್ಬರೂ ಒಟ್ಟಿಗೆ?"

"ಒಟ್ಟಿಗೆ ಅಂದ್ರೆ! ತಡೆಯಾಜ್ಞೆ ಇದೆಯಲ್ರೀ. ಜಡ್ಜ್ ಕರೆದಾಗ ಅವರೆದುರು ನಿಂತ್ರೆ ಬೇರೆ ಮಾತು. ಇಲ್ಲಿ ಹತ್ತಿರ ಬಂದ್ರೆ ಆಜ್ಞೆ ಮೀರಿದ ಹಾಗೆ."

"ಹತ್ತಿರ ಬರೋದಕ್ಕೇ ಅಲ್ವಾ ಈ ಅರ್ಜಿ?"

"ಅರ್ಜಿ ಮಂಜೂರಾದ ಮೇಲೆ ಹತ್ತಿರ ಬನ್ನಿ, ತಬ್ಕೊಳ್ಳಿ, ನಮಗೇನು? ಈಗ ನೀವು ಹೊರಗೆ ಹೋಗಿ. ಅವರು ಬಂದು ಹೋದ ಮೇಲೆ ಬನ್ನಿ."

ಅಣ್ಣನ ಜೊತೆ ಫೋನಿನಲ್ಲೂ ಮಾತಾಡುವಂತಿಲ್ಲ. ಚಿಕ್ಕವನು ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಒಂದು ಕಿವಿಗೆ ತನ್ನ ಫೋನು, ಇನ್ನೊಂದು ಕಿವಿಗೆ ಕೆಲಸದವಳ ಫೋನು ಹಿಡಿದು ಕೂತಳು.

"ಅವನು ಬಸ್ ಸ್ಟಾಪಿನಲ್ಲಿದಾನಂತೆ. ನೀನು ಹೊರಗೆ ಬಂದ್ಯಾ?"

"ಬರ್ತಿದೀನಮ್ಮ."

"ಬೇಗ ಬಾ, ಅವನು ಬಿಸಿಲಲ್ಲಿ ನಿಂತಿದಾನೆ. ದೊಡ್ಡೋನೇ, ತಡಿಯೋ, ಇನ್ನೂ ಹೊರಗೆ ಬಂದಿಲ್ಲ ಅವನು. ಏನಂದೆ? ಸ್ವಲ್ಪ ಜೋರಾಗಿ ಹೇಳೋ, ಕೇಳಿಸಲ್ಲ! ಚಿಕ್ಕೋನೇ, ಎಷ್ಟು ದೂರ ಹೋಗ್ತೀಯಾ ಅಂತ ಕೇಳ್ತಿದಾನೆ."

"ರಸ್ತೆಯಾಚೆ ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಕೂತಿರ್ತೀನಿ."

"ನೂರು ಮೀಟರ್ ಆಗುತ್ತಾ ಅಂತೆ."

"ಅಮ್ಮ, ಅಳೆಯೋ ಟೇಪು ಅಂಗಡಿಯಲ್ಲಿದೆ. ತರಲಾ ಅಂತ ಕೇಳು."

ಅಮ್ಮ ಆ ಕಿವಿಗೆ ಅದನ್ನೇ ಹೇಳಿದಳು. ಆಮೇಲೆ, "ನಗ್ತಿದಾನೆ," ಅಂದಳು. ಸ್ವಲ್ಪ ತಡೆದು, "ನಗ್ತಿದಾನೆ ಅನ್ಸುತ್ತೆ. ಸದ್ದೇ ಬರಲ್ಲ ಈಚೀಚೆಗೆ ಅವನದು," ಅಂತ ಸೇರಿಸಿದಳು.

ಜೆರಾಕ್ಸ್ ಅಂಗಡಿಯ ಬೆಂಚಿನಿಂದ ಚಿಕ್ಕವನು ಅಣ್ಣನನ್ನು ನೋಡಿದ. ವರ್ಷದ ಮೇಲೆ ಮೊದಲ ಸಲ ಸರಿಯಾಗಿ ನೋಡಿದ್ದು. ಇಳಿದುಹೋಗಿದ್ದ. ಅಂಗಿ ಬೇರೆ ಯಾರದೋ ಅನ್ನುವಂತೆ ಹೆಗಲಿನಿಂದ ಜಾರಿತ್ತು. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೇಟಿನ ಪೇದೆಯ ಹತ್ತಿರ ಏನೋ ಕೇಳಿದ. ಪೇದೆ ಕಿವಿಗೆ ಕೈ ಹಿಡಿದ. ಅಣ್ಣ ಮತ್ತೆ ಕೇಳಿದ. ಪೇದೆ ಬಗ್ಗಿ, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದ. ಚಿಕ್ಕವನು ನಂಬಲಾರದೆ ಎದ್ದು ನಿಂತ. ಈ ರಸ್ತೆಯೇನು, ಇದರ ಹಿಂದಿನ ರಸ್ತೆಗೂ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ.

ಅಣ್ಣ ಸಹಿ ಹಾಕಿ ಹೋದ ಮೇಲೆ ಚಿಕ್ಕವನು ಮತ್ತೆ ತೂತಿಗೆ ಬಗ್ಗಿದ.

"ನಿಮ್ಮಣ್ಣನೂ ಈ ತೂತು ನೋಡಿ ಏನೋ ಅಂದ್ರು," ಅಂದ ಗುಮಾಸ್ತ ಮುದ್ರೆ ಒತ್ತುತ್ತ. "ಬೆರಳಿಂದ ಅಂಚು ಸವರಿ ನೋಡಿದ್ರು."

"ಏನಂದ್ರು?"

"ಯಾರಿಗೆ ಕೇಳಿಸುತ್ತೆ? ಪಾಪ, ಬಹಳ ಮೆತ್ತಗಿನ ಮನುಷ್ಯ. ಇವರಿಗೆ ಹೆದರ್ತಿದ್ರಾ ನೀವು?"

ಚಿಕ್ಕವನು ಅಣ್ಣನ ಸಹಿಯ ಕೆಳಗೆ ತನ್ನದನ್ನು ಹಾಕಿದ. ಪೆನ್ನಿನ ಒತ್ತಡಕ್ಕೆ ಕಾಗದ ಸ್ವಲ್ಪ ಹರಿಯಿತು. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಒಳಗೆ ಹಾಕಿಕೊಂಡ. ಆ ದಿನ ಅವನು ಮಾಡಿದ ಉಪಕಾರ ಅದೊಂದೇ.

ಶುಕ್ರವಾರ ವಿಚಾರಣೆ. ಸಣ್ಣ ಕೋಣೆ. ಜಡ್ಜ್ ಮೇಡಂ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಅಣ್ಣನನ್ನು ಆ ಗೋಡೆಗೆ, ತಮ್ಮನನ್ನು ಈ ಗೋಡೆಗೆ ನಿಲ್ಲಿಸಿ ಮಧ್ಯೆ ಪೇದೆಯೊಬ್ಬ ನಿಂತಿದ್ದ.

"ಯಾರಾದ್ರೂ ಒತ್ತಾಯ ಮಾಡಿ ಈ ಅರ್ಜಿ ಹಾಕಿಸಿದಾರಾ?"

"ನಮ್ಮಮ್ಮ," ಅಂದುಬಿಟ್ಟ ಚಿಕ್ಕವನು.

ವಕೀಲರು ಕೆಮ್ಮಿದರು. ಜಡ್ಜ್ ಕರವಸ್ತ್ರದ ಮೇಲಿನಿಂದ ನೋಡಿದರು. ಚಿಕ್ಕವನು ಮಂಡಿ, ಕುರ್ಚಿ, ಕಿರಿದಾದ ಮೆಟ್ಟಿಲು, ಸೋಮವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಅದು ನಿಮ್ಮ ಮನೆಯ ಅನುಕೂಲ. ನಾನು ನೋಡೋದು ಒಂದೇ. ಆಗ ಇವರಿಂದ ನಿಮಗೆ ಪ್ರಾಣಭಯ ಇತ್ತು ಅಂತ ಪ್ರಮಾಣ ಮಾಡಿದೀರಿ. ಇತ್ತಲ್ಲ?"

ಅಣ್ಣ ನೆಲ ನೋಡುತ್ತಿದ್ದ. ವಕೀಲರು ಚಿಕ್ಕವನನ್ನೇ ನೋಡುತ್ತಿದ್ದರು.

"ಇತ್ತು," ಅಂದ.

"ಈಗ?"

"ಇಲ್ಲ."

ಜಡ್ಜ್ ಆ ಗೋಡೆಯ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

ಅಣ್ಣನ ತುಟಿ ಆಡಿತು. "ಜೋರಾಗಿ ಹೇಳಿ," ಅಂದರು ಜಡ್ಜ್.

ಅಣ್ಣ ಗಂಟಲು ಸರಿಮಾಡಿಕೊಂಡ. "ನನಗೆ ಗೊತ್ತಿರಲಿಲ್ಲ ತಾಯಿ. ನನ್ನ ದನಿಯೇ ಹಾಗೆ, ಎಲ್ಲರಿಗೂ ಗೊತ್ತು ಅಂದ್ಕೊಂಡಿದ್ದೆ. ಎತ್ತಿ ಆಡಿಸಿದ ಹುಡುಗ ನನಗೆ ಹೆದರ್ತಾನೆ ಅಂತ ಕಾಗದದಲ್ಲಿ ಓದಿದ ಮೇಲೇ ಗೊತ್ತಾಗಿದ್ದು. ಈಗ ಮನೆಯಲ್ಲೂ ಕೂಗಲ್ಲ. ಅಭ್ಯಾಸ ಮಾಡ್ಕೊಂಡಿದೀನಿ."

ತಾನು ಹೆದರಿರಲೇ ಇಲ್ಲ ಅಂತ ಚಿಕ್ಕವನು ಅಲ್ಲೇ ಹೇಳಬಹುದಾಗಿತ್ತು. ಹೇಳಿದ್ದರೆ ಸೋಮವಾರ ಹೋಗುತ್ತಿತ್ತು, ಅಮ್ಮನ ಮಂಡಿ ಹೋಗುತ್ತಿತ್ತು. ಜಡ್ಜ್ ಸೀನಿ, ಕ್ಷಮಿಸಿ ಅಂದು, ಸಹಿ ಹಾಕಿದರು. ಪೇದೆ ಪಕ್ಕಕ್ಕೆ ಸರಿದ. ನಡುವೆ ಯಾರೂ ಇಲ್ಲದಾಗ ಅಣ್ಣತಮ್ಮಂದಿರಿಗೆ ಏನು ಮಾಡಬೇಕೆಂದು ತಿಳಿಯದೆ ಇಬ್ಬರೂ ವಕೀಲರಿಗೆ ಕೈಮುಗಿದರು.

ಸೋಮವಾರ ಬೆಳಿಗ್ಗೆ ಅಮ್ಮನನ್ನು ಕುರ್ಚಿಗೆ ಕೂರಿಸಿ, ಗಾಜಿಗೆ ಕಟ್ಟುವ ಪಟ್ಟಿಯಿಂದಲೇ ಸೊಂಟಕ್ಕೆ ಕಟ್ಟಿದರು. ದೊಡ್ಡ ಗಾಜು ಹೊರುವಾಗ ಅವರದೊಂದು ಕ್ರಮ. ಮುಂದೆ ಹಿಡಿದವನು ತಿರುಗಿ ನೋಡಬಾರದು, ಬಗ್ಗಿ ಕಾಲಡಿಯನ್ನೂ ನೋಡಬಾರದು. ಕತ್ತು ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದರೆ ಗಾಜು ಬಳುಕುತ್ತದೆ. ಹಿಂದಿನವನು ದಾರಿ ನೋಡಿ ಹೇಳಬೇಕು, ಮುಂದಿನವನು ನಂಬಿ ಕಾಲಿಡಬೇಕು. ಮುಂದೆ ಯಾವಾಗಲೂ ಅಣ್ಣ. ಹೇಳಬೇಕಾದವನು ತಮ್ಮನಾದರೂ ಮೊದಲೆಲ್ಲ ಕೂಗಾಡುತ್ತಿದ್ದವನು ಮಾತ್ರ ಅಣ್ಣ. "ಸರೀರಿ, ಸರೀರಿ, ಮೈಮೇಲೆ ಬಂದ್ರೆ ನಾನಲ್ಲ!" ಅಂತ ಬೀದಿಯನ್ನೇ ಎಬ್ಬಿಸುತ್ತಿದ್ದ.

ಇವತ್ತು ಕುರ್ಚಿಯ ಮುಂಗಾಲು ಹಿಡಿದು, ಬೆನ್ನು ಇತ್ತ ಮಾಡಿ, "ಹೇಳು," ಅಂದ. ಅಷ್ಟೇ.

"ಮೆಟ್ಟಿಲು. ಇನ್ನೊಂದು. ಬಲಕ್ಕೆ ಸ್ವಲ್ಪ."

ಅಮ್ಮ ಇಬ್ಬರ ನಡುವೆ ತೂಗುತ್ತ ಇಳಿದಳು. "ಏನ್ರೋ ಇದು, ಇಷ್ಟು ಮೌನ? ಹೆಣ ಹೊರ್ತಿದೀರಾ? ದೊಡ್ಡೋನೇ, ಒಂದು ಸಲ ಕೂಗೋ, ಕೇಳಿ ಒಂದು ವರ್ಷ ಆಯ್ತು."

"ಬೇಡಮ್ಮ," ಅಂದ ಅಣ್ಣ. "ಅವನಿಗಾಗಲ್ಲ."

ಮೂಲೆಯಲ್ಲಿ ಕುರ್ಚಿ ತಿರುಗಬೇಕಿತ್ತು. ಅಲ್ಲಿ ನಿಂತರು. ಅಣ್ಣನ ಕುತ್ತಿಗೆಯ ಹಿಂದೆ ಬೆವರು ಸಾಲುಗಟ್ಟಿತ್ತು. ಕೋರ್ಟಿನ ಆ ತೂತಿನ ಬಗ್ಗೆ ಏನಾದರೂ ಹೇಳೋಣ, ನಗಿಸೋಣ ಅಂದುಕೊಂಡ ಚಿಕ್ಕವನು. ಆದರೆ ಮೊದಲು ಮಾತಾಡಿದ್ದು ಅಣ್ಣ. ತಿರುಗಲಿಲ್ಲ, ಗೋಡೆಗೆ ಹೇಳಿದಂತೆ ಮೆಲ್ಲಗೆ ಕೇಳಿದ.

"ಅಷ್ಟೊಂದು ಹೆದರಿದ್ಯೇನೋ?"

ಕೆಳಗೆ ಆಂಬುಲೆನ್ಸಿನವನು ಬಾಗಿಲು ತೆಗೆದ ಸದ್ದು ಬಂತು. ಈಗ ಕೋರ್ಟಿಲ್ಲ, ವಕೀಲರಿಲ್ಲ, ಕೇಳಿಸಿಕೊಳ್ಳುವವರು ಮನೆಯವರೇ. ಚಿಕ್ಕವನು ಬಾಯಿ ತೆರೆದ. ಹೆದರಿರಲಿಲ್ಲ ಅಂದರೆ ಮತ್ತೇಕೆ ಮಾಡಿದೆ ಅನ್ನುತ್ತಾನೆ. ಆ ಒಂದು ವರ್ಷ, ಆ ಅಂಚೆ ಡಬ್ಬಿ, ಆ ಕೊಡೆ, ಬರೀ ನಿನ್ನ ದನಿ ಕೇಳಿ ಸಾಕಾಗಿತ್ತು ಅನ್ನುವುದಕ್ಕೆ? ಕುರ್ಚಿಯ ಭಾರ ಬೆರಳುಗಳನ್ನು ಕಚ್ಚುತ್ತಿತ್ತು.

"ಎಡಕ್ಕೆ," ಅಂದ. "ಇನ್ನು ಮೆಟ್ಟಿಲು."

ಅಣ್ಣ ನಂಬಿ ಕಾಲಿಟ್ಟ.

ಅಮ್ಮ ಮಂಡಿ ವಾಸಿಯಾಗಿ ಕೋಲು ಹಿಡಿದು ತಾನೇ ಮೆಟ್ಟಿಲಿಳಿಯುವಂತಾದಳು. ಅಣ್ಣ ಮತ್ತೆ ದಿನಾ ಅಂಗಡಿಯ ಬಾಗಿಲು ತೆಗೆಯಲು ಬರತೊಡಗಿದ, ಯಂತ್ರದ ಪಕ್ಕದಲ್ಲೇ ನಿಂತು ಕೆಲಸ ಮಾಡಿದ, ಗಿರಾಕಿಗಳ ಜೊತೆ ಮೆತ್ತಗೆ ಮಾತಾಡಿದ. ಅಣ್ಣನಿಗೆ ತಾನು ಒಂದು ದಿನವೂ ಹೆದರಿರಲಿಲ್ಲ ಅಂತ ಚಿಕ್ಕವನು ಅವನಿಗೆ ಯಾವತ್ತೂ ಹೇಳಲಿಲ್ಲ.